ಪುಣ್ಯಕೋಟಿ ಕರುವನ್ನು ಬಿಟ್ಟು ಹೊರಟದ್ದು ಯಾಕೆ?

ನನ್ನ ಫೋನಿನಲ್ಲಿ ಹನ್ನೊಂದು ಜನ ಹೆಂಗಸರಿಗೆ ಹೆಸರೇ ಇಲ್ಲ. 'ಆರ್ಯ ಅಮ್ಮ', 'ದಿಯಾ ಅಮ್ಮ 2ಬಿ', 'ವ್ಯಾನ್ ಚಿಂಟು ಅಮ್ಮ'. ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಸ್ಕೂಲಿನ ಗೇಟಿನ ಹತ್ತಿರ ಮಾತಾಡುತ್ತೇವೆ. ಮಕ್ಕಳ ಜ್ವರ, ಹೋಂವರ್ಕು, ಡಬ್ಬಿಗೆ ಏನು ಕಟ್ಟಿದ್ದು, ಎಲ್ಲ ಗೊತ್ತು. ಅವರಲ್ಲಿ ಒಬ್ಬರು ವೀಣೆಯಲ್ಲಿ ವಿದ್ವತ್ ಮುಗಿಸಿದವರು ಅಂತ ಮೊನ್ನೆ ತಿಳಿಯಿತು. ಹೆಸರು ಕೇಳೋಣ ಅಂದುಕೊಂಡೆ. ಇಷ್ಟು ವರ್ಷ ಆದ ಮೇಲೆ ಹೇಗೆ ಕೇಳುವುದು ಅಂತ ಮುಜುಗರವಾಗಿ ಸುಮ್ಮನಾದೆ. ಅವರ ಫೋನಿನಲ್ಲಿ ನಾನೂ ಹೀಗೇ ಇರಬೇಕು.

ನಮ್ಮಲ್ಲಿ ಇದು ಹೊಸದೇನಲ್ಲ. ಗಂಡನ ಹೆಸರು ಹೇಳಬಾರದು ಅಂತ 'ಪುಟ್ಟನ ಅಪ್ಪ' ಎನ್ನುತ್ತಿದ್ದರು. ಆದರೆ ಪುಟ್ಟನ ಅಪ್ಪನಿಗೆ ಪಹಣಿಯಲ್ಲಿ ಒಂದು ಹೆಸರಿತ್ತು, ಊರ ಕಟ್ಟೆಯ ಮೇಲೆ ಇನ್ನೊಂದು. ಪುಟ್ಟನ ಅಮ್ಮನಿಗೆ ಇದ್ದದ್ದು ಅದೊಂದೇ.

ಕಥೆ, ಕಾದಂಬರಿ, ನಾಟಕಗಳಲ್ಲಿ ತಾಯ್ತನಕ್ಕೂ ತನ್ನತನಕ್ಕೂ ನಡೆಯುವ ಜಗಳ ಅಂತ ವಿಮರ್ಶಕರು ಹೇಳುತ್ತಾರಲ್ಲ, ಅದರ ಬೇರು ಇಲ್ಲಿದೆ. ಕೇಳಲು ದೊಡ್ಡ ಮಾತು ಅನ್ನಿಸುತ್ತದೆ. ಅದಕ್ಕೇ ಜನ ಅದನ್ನು ಸಣ್ಣದು ಮಾಡಿ ಅರ್ಥ ಮಾಡಿಕೊಳ್ಳುತ್ತಾರೆ. 'ಓಹೋ, ಕೆಲಸಕ್ಕೆ ಹೋಗಬೇಕೋ ಮನೆಯಲ್ಲಿರಬೇಕೋ ಅನ್ನುವ ವಿಷಯ ತಾನೆ' ಎನ್ನುತ್ತಾರೆ. ಇಲ್ಲವೇ, ಮಕ್ಕಳ ಮೇಲೆ ಪ್ರೀತಿ ಇಲ್ಲದ ಹೆಂಗಸರ ಕಥೆ ಅಂದುಕೊಳ್ಳುತ್ತಾರೆ. ಎರಡೂ ಸರಿಯಲ್ಲ. ಈ ಬಗೆಯ ಒಳ್ಳೆಯ ಕಥೆಗಳಲ್ಲಿ ತಾಯಿಗೆ ಮಕ್ಕಳೆಂದರೆ ಜೀವ. ಕಷ್ಟ ಶುರುವಾಗುವುದೇ ಅಲ್ಲಿಂದ.

ಅಮೆರಿಕದ ಕೇಟ್ ಶೋಪಾನ್ 1899ರಲ್ಲಿ 'ದಿ ಅವೇಕನಿಂಗ್' ಎಂಬ ಕಾದಂಬರಿ ಬರೆದರು. ನ್ಯೂ ಆರ್ಲಿಯನ್ಸ್‌ನ ಉಳ್ಳವರ ಮನೆಯ ಕಥೆ. ಅದರ ನಾಯಕಿ ಎಡ್ನಾಗೆ ಇಬ್ಬರು ಗಂಡುಮಕ್ಕಳು. ಒಮ್ಮೆ ಗೆಳತಿಯ ಹತ್ತಿರ ಅವಳು ಹೇಳುವ ಮಾತಿನ ಸಾರ ಇಷ್ಟು: ಮಕ್ಕಳಿಗಾಗಿ ನನ್ನ ದುಡ್ಡು ಕೊಟ್ಟೇನು, ಜೀವ ಬೇಕಾದರೂ ಕೊಟ್ಟೇನು, ಆದರೆ ನನ್ನನ್ನು ಕೊಡಲಾರೆ. ಗೆಳತಿ ಅಡೆಲ್ ಒಳ್ಳೆಯವಳು, ಗೃಹಿಣಿಯರಲ್ಲಿ ಗೃಹಿಣಿ. ಅವಳಿಗೆ ಇದು ತಲೆಗೇ ಹೋಗುವುದಿಲ್ಲ. ಜೀವವನ್ನೇ ಕೊಟ್ಟ ಮೇಲೆ ಕೊಡಲು ಇನ್ನೇನು ಉಳಿಯಿತು?

ಅಡೆಲ್ ಕೇಳಿದ್ದನ್ನೇ ನಮ್ಮಲ್ಲಿ ಹೆಚ್ಚಿನವರು ಕೇಳುತ್ತಾರೆ. ಜೀವ ಕೊಡುವುದು ಒಂದು ಸಲದ ಕೆಲಸ. ಬೆಂಕಿ ಬಿದ್ದ ಮನೆಗೆ ನುಗ್ಗುವ ತಾಯಿಗೆ ಯೋಚಿಸಲೂ ಸಮಯವಿಲ್ಲ. ತನ್ನನ್ನು ಕೊಡುವುದು ಹಾಗಲ್ಲ. ಅದು ದಿನಕ್ಕಿಷ್ಟು ಅಂತ ಹೋಗುತ್ತದೆ. ಇವತ್ತು ವೀಣೆಗೆ ಮುಸುಕು ಹಾಕಿದ್ದು, ನಾಳೆ ತಂತಿ ಸಡಿಲಿಸಿದ್ದು, ಆಮೇಲೆ ಅಟ್ಟಕ್ಕೆ ಏರಿಸಿದ್ದು. ಯಾರೂ ಕಿತ್ತುಕೊಳ್ಳಲಿಲ್ಲ. ಹಾಗಾಗಿ ದೂರು ಹೇಳಲೂ ಯಾರೂ ಇಲ್ಲ.

ಈಗ ನಮ್ಮ ಪುಣ್ಯಕೋಟಿಗೆ ಬರೋಣ. ತಾಯಿ ಅಂದರೆ ಹೀಗಿರಬೇಕು ಅಂತ ಕನ್ನಡದ ಮಕ್ಕಳಿಗೆಲ್ಲ ಹೇಳಿಕೊಡುವ ಹಾಡು ಅದು. ಕಾಡಿನಲ್ಲಿ ಹುಲಿ ಅಡ್ಡ ಹಾಕುತ್ತದೆ. ದೊಡ್ಡಿಯಲ್ಲಿ ಹಸಿದ ಕರು ಇದೆ, ಮೊಲೆ ಕೊಟ್ಟು ಬರುತ್ತೇನೆ ಎಂದು ಹಸು ಮಾತು ಕೊಡುತ್ತದೆ. ಹೋಗುತ್ತದೆ, ಹಾಲು ಕೊಡುತ್ತದೆ, ಹೊರಟು ನಿಲ್ಲುತ್ತದೆ. ಇಲ್ಲೊಂದು ವಿಷಯ ಸುಮಾರು ವರ್ಷ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಕರು ಬೇಡ ಅನ್ನುತ್ತದೆ. 'ಆರ ಮೊಲೆಯನು ಕುಡಿಯಲಮ್ಮ, ಆರ ಸೇರಿ ಬದುಕಲಮ್ಮ' ಎಂದು ಅಳುತ್ತದೆ. ಲೆಕ್ಕದ ಪ್ರಕಾರ 'ಒಳ್ಳೆಯ ತಾಯಿ' ಅಲ್ಲೇ ಉಳಿಯಬೇಕಿತ್ತು. ಹುಲಿಗೆ ಕೊಟ್ಟ ಮಾತಿಗೆ ಬೆಲೆ ಏನು? ಕೂಸಿಗಾಗಿ ಒಂದು ಸುಳ್ಳು ಹೇಳಿದರೆ ಯಾವ ತಾಯಿಯನ್ನು ಯಾರು ತಪ್ಪು ಅಂದಾರು?

ಪುಣ್ಯಕೋಟಿ ಉಳಿಯುವುದಿಲ್ಲ. 'ಕೊಟ್ಟ ಭಾಷೆಗೆ ತಪ್ಪಲಾರೆನು' ಅನ್ನುತ್ತಾಳೆ. ಸತ್ಯವೇ ನಮ್ಮ ತಾಯಿ ತಂದೆ, ಸತ್ಯವೇ ನಮ್ಮ ಬಂಧು ಬಳಗ ಅನ್ನುವವಳು ಅವಳು. ಆ ಸತ್ಯವನ್ನು ಬಿಟ್ಟರೆ ತಾನು ತಾನಾಗಿ ಇರುವುದಿಲ್ಲ ಅನ್ನುವುದು ಅವಳಿಗೆ ಗೊತ್ತು. ಎಡ್ನಾಳ ಮಾತನ್ನೇ ಅವಳೂ ಹೇಳುತ್ತಿದ್ದಾಳೆ. ಕರುವಿಗಾಗಿ ಏನು ಬೇಕಾದರೂ ಕೊಟ್ಟಾಳು, ತನ್ನನ್ನು ಕೊಡಲಾರಳು. ಕರುವನ್ನು ಅಕ್ಕತಂಗಿಯರಿಗೆ ಒಪ್ಪಿಸುತ್ತಾಳೆ. ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ನಿಮ್ಮದೇ ಕಂದ ಅಂದುಕೊಳ್ಳಿ ಎಂದು ಬೇಡಿಕೊಂಡು ಕಾಡಿಗೆ ನಡೆಯುತ್ತಾಳೆ.

ಆಮೇಲೆ ಹುಲಿಯ ಮನಸ್ಸು ಕರಗುತ್ತದೆ, ಅದು ತಾನೇ ಪ್ರಾಣ ಬಿಡುತ್ತದೆ, ಹಸು ಮನೆಗೆ ಬರುತ್ತದೆ. ಹಾಡು ಕಟ್ಟಿದವರು ಜಾಣರು. ಹುಲಿ ತಿಂದುಬಿಟ್ಟಿದ್ದರೆ ಪುಣ್ಯಕೋಟಿಯನ್ನು ಏನೆಂದು ಕರೆಯಬೇಕಿತ್ತು ಅನ್ನುವ ಪ್ರಶ್ನೆಯಿಂದ ನಮ್ಮನ್ನು ಪಾರು ಮಾಡಿದರು.

ಹುಲಿ ಬಂದು ಪಾರು ಮಾಡದ ಕಥೆ ಬೇಕಿದ್ದರೆ ನಾರ್ವೆಗೆ ಹೋಗಬೇಕು. ಹೆನ್ರಿಕ್ ಇಬ್ಸನ್ನನ 'ಎ ಡಾಲ್ಸ್ ಹೌಸ್' ಮೊದಲು ರಂಗಕ್ಕೆ ಬಂದದ್ದು 1879ರ ಡಿಸೆಂಬರಿನಲ್ಲಿ, ಕೋಪನ್‌ಹೇಗನ್‌ನಲ್ಲಿ. ನಾಯಕಿ ನೋರಾಗೆ ಮೂವರು ಮಕ್ಕಳು. ತಾನು ಮೊದಲು ಅಪ್ಪನ ಕೈಗೊಂಬೆ, ಆಮೇಲೆ ಗಂಡನ ಕೈಗೊಂಬೆ ಆಗಿದ್ದೆ ಅನ್ನುವುದು ಅವಳಿಗೆ ಒಂದು ರಾತ್ರಿ ಹೊಳೆಯುತ್ತದೆ. ಗಂಡ, ನೀನು ಮೊದಲು ಹೆಂಡತಿ, ತಾಯಿ ಅನ್ನುತ್ತಾನೆ. ನೋರಾ, ನಾನು ಮೊದಲು ಮನುಷ್ಯಳು ಅನ್ನುತ್ತಾಳೆ. ಬಾಗಿಲು ಹಾಕಿಕೊಂಡು ಹೊರಟುಹೋಗುತ್ತಾಳೆ. ಗಂಡನನ್ನು ಬಿಟ್ಟದ್ದಕ್ಕಿಂತ ಮಕ್ಕಳನ್ನು ಬಿಟ್ಟದ್ದೇ ಜನರಿಗೆ ಜಾಸ್ತಿ ಚುಚ್ಚಿತು. ಜರ್ಮನಿಯಲ್ಲಿ ನೋರಾ ಪಾತ್ರ ಮಾಡಬೇಕಿದ್ದ ನಟಿ, ನಾನಾಗಿದ್ದರೆ ಮಕ್ಕಳನ್ನು ಬಿಟ್ಟು ಹೋಗುತ್ತಿರಲಿಲ್ಲ, ಇದನ್ನು ಆಡಲಾರೆ ಎಂದಳು. ಬೇರೆ ಯಾರೋ ನಾಟಕ ಕೆಡಿಸುವುದಕ್ಕಿಂತ ತಾನೇ ಬರೆಯುವುದು ವಾಸಿ ಎಂದು ಇಬ್ಸನ್ ಇನ್ನೊಂದು ಕೊನೆ ಬರೆದುಕೊಟ್ಟ. ಅದರಲ್ಲಿ ಗಂಡ ನೋರಾಳನ್ನು ಮಕ್ಕಳ ಕೋಣೆಯ ಬಾಗಿಲಿಗೆ ಎಳೆದುಕೊಂಡು ಹೋಗುತ್ತಾನೆ. ಮಲಗಿರುವ ಮಕ್ಕಳನ್ನು ನೋಡಿ ಅವಳು ಕುಸಿಯುತ್ತಾಳೆ. ಉಳಿಯುತ್ತಾಳೆ. ಬರೆದವನೇ ಅದನ್ನು ನಾಟಕದ ಮೇಲಿನ ಅನಾಗರಿಕ ದೌರ್ಜನ್ಯ ಅಂತ ಬೈದ.

ನೋರಾ ಬಾಗಿಲು ಹಾಕಿದ ಸದ್ದು ಎಲ್ಲರಿಗೂ ಕೇಳಿಸಿತು. ಅದೇ ನಾಟಕದಲ್ಲಿ ಇನ್ನೊಬ್ಬ ತಾಯಿ ಇದ್ದಾಳೆ, ಅವಳ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಮಕ್ಕಳನ್ನು ನೋಡಿಕೊಳ್ಳುವ ದಾದಿ ಆನ್ ಮೇರಿ. ನೋರಾಳನ್ನೂ ಸಾಕಿದವಳು ಅವಳೇ. ಎರಡನೇ ಅಂಕದಲ್ಲಿ ನೋರಾ ಕೇಳುತ್ತಾಳೆ, ನಿನ್ನ ಸ್ವಂತ ಮಗುವನ್ನು ಬೇರೆಯವರ ಕೈಗೆ ಕೊಟ್ಟು ಬರಲು ನಿನಗೆ ಮನಸ್ಸು ಹೇಗೆ ಬಂತು ಅಂತ. ಬರಲೇಬೇಕಿತ್ತಲ್ಲ, ಪುಟ್ಟ ನೋರಾಗೆ ಹಾಲೂಡಬೇಕಿತ್ತಲ್ಲ ಅನ್ನುತ್ತಾಳೆ ಅವಳು. ಕಷ್ಟಕ್ಕೆ ಸಿಕ್ಕಿದ ಬಡ ಹುಡುಗಿಗೆ ಅಂಥ ಕೆಲಸ ಸಿಕ್ಕಿದ್ದೇ ಪುಣ್ಯ. ಮುಂದೆ ನೋರಾ ಮಕ್ಕಳನ್ನು ಬಿಟ್ಟು ಹೊರಡುವ ಧೈರ್ಯ ಮಾಡಿದ್ದು ಈ ಆನ್ ಮೇರಿ ಮನೆಯಲ್ಲಿದ್ದಾಳೆ ಅನ್ನುವ ನಂಬಿಕೆಯ ಮೇಲೇ. ಒಬ್ಬಳು ತನ್ನನ್ನು ಹುಡುಕಿಕೊಂಡು ಮಕ್ಕಳನ್ನು ಬಿಟ್ಟರೆ ಅದು ಕ್ರಾಂತಿ. ಇನ್ನೊಬ್ಬಳು ಹೊಟ್ಟೆಪಾಡಿಗೆ ಬಿಟ್ಟರೆ ಅದು ಸಂಬಳದ ಕೆಲಸ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನಮ್ಮ ಮಕ್ಕಳನ್ನು ಎತ್ತಿಕೊಂಡು ತಿರುಗಾಡಿಸುವ ಹೆಂಗಸಿನ ಮಗು ಊರಲ್ಲಿ ಯಾರ ಹತ್ತಿರ ಇದೆ ಅಂತ ನಾವು ಕೇಳುತ್ತೇವಾ? ನಾನಂತೂ ತುಂಬ ದಿನ ಕೇಳಿರಲಿಲ್ಲ.

ಗಂಡಸರ ವಿಷಯಕ್ಕೆ ಬಂದರೆ ಈ ಜಗಳವೇ ಏಳುವುದಿಲ್ಲ. ಸಿದ್ಧಾರ್ಥ ಮಲಗಿದ್ದ ಹೆಂಡತಿಯನ್ನೂ ಹಸುಗೂಸು ರಾಹುಲನನ್ನೂ ಬಿಟ್ಟು ರಾತ್ರೋರಾತ್ರಿ ಹೊರಟ. ನಾವು ಅದಕ್ಕೆ ಮಹಾಭಿನಿಷ್ಕ್ರಮಣ ಅಂತ ಹೆಸರಿಟ್ಟಿದ್ದೇವೆ. ನಮ್ಮ ಅಕ್ಕಮಹಾದೇವಿಯೂ ಅರಮನೆ ಬಿಟ್ಟು ಹೊರಟವಳೇ. ಅವಳನ್ನೂ ಪೂಜಿಸುತ್ತೇವೆ. ಆದರೆ ಉಡುತಡಿಯಿಂದ ಹೊರಟಾಗ ಅವಳ ಸೊಂಟದ ಮೇಲೊಂದು ಕೂಸು ಇದ್ದಿದ್ದರೆ ನಾವು ಏನು ಹಾಡುತ್ತಿದ್ದೆವೋ.

ಅಮೆರಿಕದ ಕವಯಿತ್ರಿ ಏಡ್ರಿಯನ್ ರಿಚ್ 1976ರಲ್ಲಿ ಬರೆದ ಪುಸ್ತಕವೊಂದರಲ್ಲಿ ತಾಯ್ತನವನ್ನು ಎರಡಾಗಿ ಬಿಡಿಸಿ ತೋರಿಸಿದರು. ಮೂರು ಮಕ್ಕಳ ತಾಯಿ ಅವರು. ಒಂದು, ಹೆಣ್ಣು ತನ್ನ ಮೈಮನಸ್ಸಿನಲ್ಲಿ ಅನುಭವಿಸುವ ತಾಯ್ತನ. ಮಗುವಿನ ನೆತ್ತಿಯ ವಾಸನೆ, ಹಾಲು ತುಂಬಿ ಎದೆ ಬಿಗಿಯುವುದು, ರಾತ್ರಿ ಮೂರು ಗಂಟೆಯ ಸಿಟ್ಟು, ಬೆಳಿಗ್ಗೆ ಆ ಸಿಟ್ಟಿಗೆ ನಾಚಿಕೆ. ಇನ್ನೊಂದು, ಸಮಾಜ ಕಟ್ಟಿ ನಿಲ್ಲಿಸಿರುವ ತಾಯ್ತನ. ತಾಯಿ ಹೇಗಿರಬೇಕು ಅನ್ನುವ ಅದರ ನಿಯಮ, ಕಾಯಿದೆ, ಗಾದೆ, ಸಿನಿಮಾ, ಪಕ್ಕದ ಮನೆಯ ಕಣ್ಣು. ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತೇವೆ, ಅದಕ್ಕೇ ಗೋಜಲಾಗುತ್ತದೆ. ಹೆಣ್ಣು ಎರಡನೆಯದರ ಜೊತೆ ಜಗಳ ಆಡಿದರೆ ಮೊದಲನೆಯದನ್ನೇ ಬಿಟ್ಟಳು ಅಂತ ತೀರ್ಪು ಬರುತ್ತದೆ. ಇದಿಷ್ಟು ತಲೆಯಲ್ಲಿದ್ದರೆ ಮುಂದಿನ ಕಥೆಗಳು ಸಲೀಸಾಗಿ ಬಿಚ್ಚಿಕೊಳ್ಳುತ್ತವೆ.

ಇನ್ನೊಂದು ಕೀಲಿ ಅಂದರೆ ಕಥೆಯ ಕೊನೆ. ತನ್ನತನ ಬೇಕು ಎಂದ ತಾಯಿಗೆ ಲೇಖಕರು ಕೊನೆಯಲ್ಲಿ ಏನು ಮಾಡುತ್ತಾರೆ ಅಂತ ನೋಡಿ. ಎಡ್ನಾ ಸಮುದ್ರಕ್ಕೆ ಇಳಿದು ಈಜುತ್ತಾ ಹೋಗುತ್ತಾಳೆ, ವಾಪಸು ಬರುವುದಿಲ್ಲ. ರಷ್ಯಾದಲ್ಲಿ ಟಾಲ್‌ಸ್ಟಾಯ್‌ನ ಆನಾ ಕರೆನಿನಾ ಮಗ ಸೆರ್ಯೋಜಾನನ್ನು ಬಿಟ್ಟು ಪ್ರೇಮಿಯ ಜೊತೆ ಹೋದವಳು ರೈಲಿನ ಕೆಳಗೆ ಬೀಳುತ್ತಾಳೆ. ಹತ್ತೊಂಬತ್ತನೇ ಶತಮಾನದಲ್ಲಿ ಇಂಥ ಹೆಂಗಸರಿಗೆ ಇದ್ದ ದಾರಿ ಹೆಚ್ಚಾಗಿ ಸಾವು. ಬಾಗಿಲಿನಿಂದ ನಡೆದು ಹೋದ ನೋರಾ ಅಪರೂಪ. ಅವಳು ಆಮೇಲೆ ಎಲ್ಲಿಗೆ ಹೋದಳು ಅಂತ ಇಬ್ಸನ್ ಕೂಡ ಹೇಳಲಿಲ್ಲ.

ಕನ್ನಡದಲ್ಲಿ ಸಾವಿನ ಜಾಗಕ್ಕೆ ಹುಚ್ಚು ಬಂತು. ತ್ರಿವೇಣಿಯವರ 'ಶರಪಂಜರ' ನೆನಪಿದೆಯಲ್ವಾ? ಹೆಚ್ಚಿನವರಿಗೆ ನೆನಪಿರುವುದು 1971ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾ, ಅದರಲ್ಲಿ ಕಲ್ಪನಾ. ಕಾದಂಬರಿಗೆ ಒಮ್ಮೆ ವಾಪಸು ಹೋಗಬೇಕು. ತ್ರಿವೇಣಿ ಮನಃಶಾಸ್ತ್ರ ಓದಿದವರು. ಬಾಣಂತನದಲ್ಲಿ ಮನಸ್ಸು ಕೆಟ್ಟ ಕಾವೇರಿಯ ಕಥೆಯನ್ನು ಅವರು ದೆವ್ವ, ಮಾಟ, ಶಾಪ ಯಾವುದನ್ನೂ ತರದೆ, ಕಾಯಿಲೆ ಎಂದೇ ಬರೆದರು. ನಮ್ಮ ಜನರ ಬಾಯಲ್ಲಿ ಇದಕ್ಕೆ 'ಬಾಣಂತಿ ಸನ್ನಿ' ಅಂತ ಹೆಸರಿತ್ತು. ವೈದ್ಯರ ಲೆಕ್ಕದಲ್ಲಿ ಸಾವಿರ ಹೆರಿಗೆಗೆ ಒಂದೋ ಎರಡೋ ಬಾಣಂತಿಯರಿಗೆ ಇದು ಬರುತ್ತದೆ. ಚಿಕಿತ್ಸೆ ಕೊಟ್ಟರೆ ವಾಸಿಯಾಗುತ್ತದೆ. ಹೆರಿಗೆಯಾದ ಕೆಲವು ದಿನ ಸುಮ್ನೆ ಅಳು ಬರುವುದು ಇದಲ್ಲ, ಅದು ತುಂಬ ಜನರಿಗೆ ಆಗುತ್ತದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಬೇರೆ ಮಾಡದೆ ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡ್ ಇದೆ. ತ್ರಿವೇಣಿ ಬರೆಯುವಾಗ ಅದೆಲ್ಲ ಇರಲಿಲ್ಲ.

ಕಾವೇರಿ ವಾಸಿಯಾಗಿ ಮನೆಗೆ ಬರುತ್ತಾಳೆ. ಕಾದಂಬರಿಯ ಜೀವ ಇರುವುದು ಅಲ್ಲಿಂದಾಚೆ. ಕಾಯಿಲೆ ಹೋಗಿದೆ, ಹೆಸರು ಹೋಗಿಲ್ಲ. ಅವಳು ನಕ್ಕರೆ ನೋಡುತ್ತಾರೆ, ಸುಮ್ಮನಿದ್ದರೆ ನೋಡುತ್ತಾರೆ, ಸಿಟ್ಟು ಮಾಡಿಕೊಂಡರಂತೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಯಾವ ಹೆಂಗಸಿಗೂ ಬರಬಹುದಾದ ಮಾಮೂಲಿ ಸಿಟ್ಟು ಅವಳಿಗೆ ಬಂದರೆ ಲಕ್ಷಣವಾಗುತ್ತದೆ. ಮಡದಿ, ತಾಯಿ, ಮನೆಯೊಡತಿ ಅನ್ನುವ ಹೆಸರುಗಳನ್ನೆಲ್ಲ ವಾಪಸು ತೆಗೆದುಕೊಂಡು ಅವಳಿಗೆ ಒಂದೇ ಹೆಸರು ಉಳಿಸಿದ್ದಾರೆ. ಅಷ್ಟರಲ್ಲಿ ಗಂಡನ ಮನಸ್ಸು ಬೇರೊಬ್ಬಳ ಕಡೆ ಹೋಗಿದೆ. ಆ ತಪ್ಪಿಗೆ ಅವನಿಗೆ ಯಾವ ಹೆಸರೂ ಬರುವುದಿಲ್ಲ. ಕೊನೆಗೆ ಕಾವೇರಿ ಮತ್ತೆ ಆಸ್ಪತ್ರೆ ಸೇರುತ್ತಾಳೆ. ಮೊದಲ ಸಲ ಅವಳನ್ನು ಅಲ್ಲಿಗೆ ಕಳಿಸಿದ್ದು ಹೆರಿಗೆ. ಎರಡನೇ ಸಲ ಕಳಿಸಿದ್ದು ಮನೆ.

ನನಗೆ ಈ ಕಾದಂಬರಿ ಓದುವಾಗಲೆಲ್ಲ ಬರೆದವರ ಬದುಕು ಅಡ್ಡ ಬರುತ್ತದೆ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ. ಆಗ ಅವರಿಗೆ 35 ತುಂಬಿರಲಿಲ್ಲ. ಅಷ್ಟರೊಳಗೆ ಸುಮಾರು 20 ಕಾದಂಬರಿ ಬರೆದಿದ್ದರು. ಇಂಥದ್ದನ್ನೆಲ್ಲ ಬರೆದವರನ್ನು 'ಅಡುಗೆಮನೆ ಸಾಹಿತ್ಯ' ಎಂದು ಮೂಗು ಮುರಿದವರಿದ್ದರು. ಅಡುಗೆಮನೆಯಲ್ಲಿ ಕಾವೇರಿಯ ಮೇಲೆ ಎಷ್ಟು ಕಣ್ಣುಗಳಿದ್ದವು ಅಂತ ಆ ವಿಮರ್ಶಕರು ಎಣಿಸಿ ನೋಡಬೇಕಿತ್ತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ತಾಯ್ತನ ತನ್ನತನವನ್ನು ತಿನ್ನುವ ಕಥೆ. ತಿರುಗಾ ಮುರುಗಾ ಇರುವ ಕಥೆಗಳೂ ಇವೆ. ತಾಯಾಗಲು ಬಿಡದೆ ಹೆಣ್ಣಿನ ತನ್ನತನವನ್ನು ಕಿತ್ತುಕೊಳ್ಳುವಂಥವು.

ಮಹಾಭಾರತದ ಉದ್ಯೋಗಪರ್ವದಲ್ಲಿ ಮಾಧವಿಯ ಕಥೆ ಬರುತ್ತದೆ. ಗಾಲವನೆಂಬ ಶಿಷ್ಯ ಗುರುದಕ್ಷಿಣೆ ಏನು ಕೊಡಲಿ ಎಂದು ವಿಶ್ವಾಮಿತ್ರನನ್ನು ಬಿಡದೆ ಕಾಡುತ್ತಾನೆ. ಸಿಟ್ಟಾದ ಗುರು, ಒಂದು ಕಿವಿ ಮಾತ್ರ ಕಪ್ಪಗಿರುವ 800 ಬಿಳಿ ಕುದುರೆ ತಂದುಕೊಡು ಅನ್ನುತ್ತಾನೆ. ಗಾಲವ ಯಯಾತಿಯ ಹತ್ತಿರ ಹೋಗುತ್ತಾನೆ. ಯಯಾತಿಯ ಬಳಿ ಅಂಥ ಕುದುರೆ ಇಲ್ಲ. ಮಗಳಿದ್ದಾಳೆ. ಮಗಳನ್ನು ಕೊಡುತ್ತಾನೆ. ಅಯೋಧ್ಯೆಯ ಹರ್ಯಶ್ವ 200 ಕುದುರೆ ಕೊಟ್ಟು ಅವಳಲ್ಲಿ ಒಬ್ಬ ಮಗನನ್ನು ಪಡೆಯುತ್ತಾನೆ. ಕಾಶಿಯ ದಿವೋದಾಸ 200, ಭೋಜನಗರದ ಉಶೀನರ 200. ಭೂಮಿಯ ಮೇಲೆ ಅಂಥ ಕುದುರೆ ಇರುವುದೇ ಇಷ್ಟು. ಉಳಿದ 200ಕ್ಕೆ ಬದಲು ವಿಶ್ವಾಮಿತ್ರನೇ ಅವಳನ್ನು ಇಟ್ಟುಕೊಂಡು ಒಬ್ಬ ಮಗನನ್ನು ಪಡೆಯುತ್ತಾನೆ. ಪ್ರತಿ ಹೆರಿಗೆಯ ನಂತರ ಮತ್ತೆ ಕನ್ಯೆಯಾಗುವ ವರ ಅವಳಿಗಿದೆ. ವರ ಅಂತೆ! ನಾಲ್ಕು ಸಲ ಹೆತ್ತು, ನಾಲ್ಕು ಸಲ ಬಿಟ್ಟು ಬಂದು, ಮೈಯಲ್ಲಿ ಒಂದು ಗುರುತೂ ಉಳಿಯದಂತೆ ಒರೆಸಿಕೊಳ್ಳುವ ವರ. ಕೊನೆಗೆ ಅಪ್ಪ ಸ್ವಯಂವರ ಏರ್ಪಡಿಸಿದಾಗ ಅವಳು ನೆರೆದ ಗಂಡುಗಳನ್ನೆಲ್ಲ ದಾಟಿಕೊಂಡು ಹೋಗಿ ಕಾಡನ್ನು ವರಿಸುತ್ತಾಳೆ.

ವ್ಯಾಸರು ಕುದುರೆಗಳ ಲೆಕ್ಕ ಬರೆದರು, ಹಾಲಿನ ಲೆಕ್ಕ ಬರೆಯಲಿಲ್ಲ. ಆ ಹಸುಗೂಸುಗಳನ್ನು ಬಿಟ್ಟು ರಥ ಹತ್ತುವಾಗ ಮಾಧವಿಯ ಎದೆ ಕಟ್ಟಿಕೊಂಡಿರಲಿಲ್ಲವಾ? ಕನ್ನಡದಲ್ಲಿ ಅನುಪಮಾ ನಿರಂಜನ ಈ ಕಥೆಯನ್ನು ಮಾಧವಿಯ ಕಡೆಯಿಂದ ನೋಡಿ 'ಮಾಧವಿ' ಕಾದಂಬರಿ ಬರೆದರು. ಅವರು ವೈದ್ಯೆ. ಬಸುರಿ, ಬಾಣಂತಿಯರಿಗಾಗಿ ಅವರು ಬರೆದ 'ತಾಯಿ-ಮಗು' ಪುಸ್ತಕ ಎಷ್ಟೋ ಮನೆಗಳಲ್ಲಿ ಇದ್ದಂಥದ್ದು. ಮಕ್ಕಳಿಗೆ 'ದಿನಕ್ಕೊಂದು ಕಥೆ' ಬರೆದವರೂ ಅವರೇ. ತಾಯ್ತನ ಅಂದರೆ ಏನು ಅಂತ ಹೆರಿಗೆ ಕೋಣೆಯಿಂದ ತಿಳಿದವರು ಮಾಧವಿಯ ಕಥೆಗೆ ಕೈ ಹಾಕಿದರು. ನನಗೆ ಇದು ಕಾಕತಾಳೀಯ ಅನ್ನಿಸುವುದಿಲ್ಲ.

ಇದೇ ಸಾಲಿನಲ್ಲಿ ಅಮೆರಿಕದ ಟೋನಿ ಮಾರಿಸನ್ ಅವರ 'ಬಿಲವ್ಡ್' ಇದೆ. ಆ ಕಾದಂಬರಿ 1987ರಲ್ಲಿ ಬಂತು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಹಿಂದೆ ಒಂದು ನಿಜ ಘಟನೆ ಇದೆ. 1856ರಲ್ಲಿ ಮಾರ್ಗರೆಟ್ ಗಾರ್ನರ್ ಎಂಬ ಗುಲಾಮ ಹೆಂಗಸು ಮಕ್ಕಳ ಸಮೇತ ಹೆಪ್ಪುಗಟ್ಟಿದ ಓಹಾಯೊ ನದಿ ದಾಟಿ ಕೆಂಟಕಿಯಿಂದ ತಪ್ಪಿಸಿಕೊಂಡಳು. ಹಿಡಿಯಲು ಬಂದವರು ಮನೆ ಸುತ್ತುವರಿದಾಗ, ಮತ್ತೆ ಗುಲಾಮಳಾಗುವುದು ಬೇಡ ಎಂದು ಎರಡು ವರ್ಷದ ಮಗಳನ್ನು ತನ್ನ ಕೈಯಾರೆ ಕೊಂದಳು.

ಇದನ್ನು ಅರ್ಥ ಮಾಡಿಕೊಳ್ಳಲು ಒಂದು ಕಾನೂನು ಗೊತ್ತಿರಬೇಕು. 1662ರಲ್ಲಿ ವರ್ಜೀನಿಯಾ ವಸಾಹತಿನಲ್ಲಿ ಒಂದು ಕಾಯಿದೆ ಬಂತು. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಅಪ್ಪ ಯಾರೇ ಆಗಿರಲಿ. ಬೇರೆ ಕಡೆಗಳಲ್ಲೂ ಇದೇ ನಿಯಮವಾಯಿತು. ಅಂದರೆ ಅವಳು ಹೆತ್ತದ್ದೆಲ್ಲ ಒಡೆಯನ ಆಸ್ತಿ, ದನದ ಕರು ಹಾಗೆ. ಅವಳ ಮಗುವನ್ನು ಯಾವತ್ತು ಬೇಕಾದರೂ ಮಾರಬಹುದು. ಎಡ್ನಾಗೆ ತಾಯ್ತನ ಭಾರವಾಗಿತ್ತು, ಯಾಕೆಂದರೆ ಎಲ್ಲರೂ ಅವಳಿಗೆ ಅದೊಂದೇ ಗುರುತು ಕೊಟ್ಟಿದ್ದರು. ಬಿಲವ್ಡ್‌ನ ನಾಯಕಿ ಸೆಥೆ, ಗಾರ್ನರ್ ಹಾಗೆಯೇ ಮಗಳನ್ನು ಕೊಂದ ಗುಲಾಮ ತಾಯಿ. ಅವಳಿಗೆ ಆ ಗುರುತೇ ಇಲ್ಲ. ಒಡೆಯನ ಕಡೆಯ ಹುಡುಗರು ಅವಳನ್ನು ಹಿಡಿದು ಎದೆಹಾಲು ಕಸಿದುಕೊಳ್ಳುತ್ತಾರೆ. ಆಮೇಲೆ ಚಾಟಿ ಏಟೂ ಬೀಳುತ್ತದೆ. ಅವಳಿಗೆ ಏಟಿನದ್ದು ದೊಡ್ಡ ವಿಷಯವೇ ಅಲ್ಲ. ನನ್ನ ಹಾಲು ಕಿತ್ತುಕೊಂಡರು, ನನ್ನ ಹಾಲು ಕಿತ್ತುಕೊಂಡರು ಅಂತ ಮತ್ತೆ ಮತ್ತೆ ಹೇಳುತ್ತಾಳೆ. ಅಂಥವಳಿಗೆ ಇದು ನನ್ನ ಮಗು ಅನ್ನುವುದೇ ಮೊದಲ ಸಲ ನಾನು ಅಂದ ಹಾಗೆ.

ಆದರೂ ಮಾರಿಸನ್ ಕಥೆಯನ್ನು ಅಲ್ಲಿಗೇ ಬಿಡುವುದಿಲ್ಲ. ಸತ್ತ ಮಗಳು ದೆವ್ವವಾಗಿಯೋ ಮನುಷ್ಯಳಾಗಿಯೋ ವಾಪಸು ಬಂದು ಸೆಥೆಯನ್ನು ಹೀರುತ್ತಾ ಹೋಗುತ್ತಾಳೆ. ಮಗಳು ಉಬ್ಬುತ್ತಾಳೆ, ತಾಯಿ ಸೊರಗುತ್ತಾಳೆ. ಕೊನೆಯಲ್ಲಿ ಹಾಸಿಗೆ ಹಿಡಿದ ಸೆಥೆ, ನನ್ನಲ್ಲಿದ್ದ ಅತಿ ಒಳ್ಳೆಯದು ಅಂದರೆ ಅವಳೇ, ಅವಳೇ ಹೋದಳು ಅನ್ನುತ್ತಾಳೆ. ಜೊತೆಗಿದ್ದ ಪಾಲ್ ಡಿ ಅವಳ ಕೈ ಹಿಡಿದು, ನಿನ್ನಲ್ಲಿರುವ ಅತಿ ಒಳ್ಳೆಯದು ನೀನೇ ಅನ್ನುತ್ತಾನೆ. ಸೆಥೆಗೆ ನಂಬಿಕೆ ಬರುವುದಿಲ್ಲ. ನಾನಾ? ನಾನಾ? ಎಂದು ಎರಡು ಸಲ ಕೇಳುತ್ತಾಳೆ. ಆ ಎರಡು ಪ್ರಶ್ನೆಗಳಿಗಾಗಿ ಇಡೀ ಕಾದಂಬರಿ ಓದಬಹುದು.

ನೈಜೀರಿಯಾದ ಬೂಚಿ ಎಮೆಚೆಟಾ 1979ರಲ್ಲಿ ಬರೆದ 'ದಿ ಜಾಯ್ಸ್ ಆಫ್ ಮದರ್‌ಹುಡ್' ಬಗ್ಗೆ ಚುಟುಕಾಗಿ ಹೇಳುತ್ತೇನೆ. ತಾಯ್ತನದ ಸುಖಗಳು ಅಂತ ಅರ್ಥ ಬರುವ ಹೆಸರೇ ಒಂದು ಕುಹಕ. ನ್ನು ಎಗೊ ಎಂಬ ಹೆಂಗಸು ಲಾಗೋಸ್ ನಗರದಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ಮಕ್ಕಳನ್ನು ಸಾಕುತ್ತಾಳೆ. ಕೊನೆಗೆ ರಸ್ತೆ ಬದಿಯಲ್ಲಿ ಒಂಟಿಯಾಗಿ ಸಾಯುತ್ತಾಳೆ. ಮಕ್ಕಳು ಬಂದು ಊರೇ ಮಾತಾಡಿಕೊಳ್ಳುವಂಥ ಉತ್ತರಕ್ರಿಯೆ ಮಾಡುತ್ತಾರೆ. ಅವಳ ಹೆಸರಲ್ಲಿ ಗುಡಿಯನ್ನೂ ಕಟ್ಟುತ್ತಾರೆ, ಬಂಜೆಯರು ಬಂದು ಬೇಡಿಕೊಳ್ಳಲಿ ಅಂತ. ಎಷ್ಟು ಬೇಡಿದರೂ ಅವಳು ಯಾರಿಗೂ ಮಕ್ಕಳನ್ನು ಕೊಡುವುದಿಲ್ಲ. ಓದಿ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಎಸ್.ಎಲ್. ಭೈರಪ್ಪನವರ 'ಗೃಹಭಂಗ'ದ ನಂಜಮ್ಮನನ್ನು ಇವಳ ಪಕ್ಕ ಕೂರಿಸಬಹುದು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಗಂಡ ಚೆನ್ನಿಗರಾಯನಿಗೆ ಶಾನುಭೋಗಿಕೆ ಇದೆ, ಲೆಕ್ಕ ಬರೆಯಲು ಬರುವುದಿಲ್ಲ. ಬರೆಯುವವಳು ನಂಜಮ್ಮ. ರಾತ್ರಿ ಕೂತು ಗೆರೆ ಎಳೆದು ಇಡೀ ಊರಿನ ಲೆಕ್ಕವನ್ನು ಚೊಕ್ಕವಾಗಿ ಬರೆಯುತ್ತಾಳೆ. ಹೆಸರು, ಸಹಿ ಗಂಡನದು. ಆ ದುಡಿಮೆಯಿಂದ ಸಾಕಿದ ಮಕ್ಕಳಲ್ಲಿ ಇಬ್ಬರನ್ನು ಪ್ಲೇಗು ಒಯ್ಯುತ್ತದೆ. ಅವಳನ್ನು ಮಹಾತಾಯಿ ಅಂತ ಹೊಗಳುವವರು ಬಹಳ. ಅವಳ ಕೈಬರಹ ಎಷ್ಟು ಚೆಂದ ಇತ್ತು ಅಂತ ನೆನೆಯುವವರು ಕಡಿಮೆ.

ಸಾವು, ಹುಚ್ಚು, ಕಾಡು, ಗುಡಿ. ಇವಿಷ್ಟೂ ಬೇಡ ಅನ್ನುವ ಕಥೆಗಳು ಇತ್ತೀಚೆಗೆ ಬರುತ್ತಿವೆ. ಇಟಲಿಯ ಎಲೆನಾ ಫೆರಾಂಟೆ 2006ರಲ್ಲಿ ಬರೆದ, ಇಂಗ್ಲಿಷಿನಲ್ಲಿ 'ದಿ ಲಾಸ್ಟ್ ಡಾಟರ್' ಎಂದು ಬಂದ ಸಣ್ಣ ಕಾದಂಬರಿಯಲ್ಲಿ ಲೇಡಾ ಎಂಬ ಪ್ರೊಫೆಸರ್ ಇದ್ದಾಳೆ. ಮಕ್ಕಳು ಚಿಕ್ಕವರಿದ್ದಾಗ ಅವರನ್ನು ಬಿಟ್ಟು ಮೂರು ವರ್ಷ ಹೋಗಿದ್ದವಳು. ಆಮೇಲೆ ವಾಪಸು ಬಂದಳು. ಯಾಕೆ ಬಂದೆ ಎಂದು ಕೇಳಿದರೆ, ಹೋದದ್ದೂ ಬಂದದ್ದೂ ತನಗಾಗಿಯೇ ಎಂಬಂಥ ಉತ್ತರ ಕೊಡುತ್ತಾಳೆ. ಪಶ್ಚಾತ್ತಾಪದ ನಾಟಕ ಇಲ್ಲ, ಕ್ಷಮೆ ಇಲ್ಲ, ಶಿಕ್ಷೆಯೂ ಇಲ್ಲ. ಓದುವಾಗ ನಮಗೇ ಕಸಿವಿಸಿ. ಇವಳಿಗೆ ಏನಾದರೂ ಆಗಬೇಕು ಅಂತ ನಾವು ಕಾಯುತ್ತಾ ಕೂತಿರುತ್ತೇವೆ. ನಾನೂ ಕಾದೆ. ಪುಟ ಮುಗಿದ ಮೇಲೆ ನನ್ನ ಬಗ್ಗೆಯೇ ಸ್ವಲ್ಪ ನಾಚಿಕೆಯಾಯಿತು.

ಕೊನೆಯದಾಗಿ ನಮ್ಮ ಬಾನು ಮುಷ್ತಾಕ್. 2025ರಲ್ಲಿ ಕನ್ನಡಕ್ಕೆ ಮೊದಲ ಅಂತರರಾಷ್ಟ್ರೀಯ ಬೂಕರ್ ತಂದ, ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ ಹೆಸರು ಬಂದದ್ದು 'ಎದೆಯ ಹಣತೆ' ಕಥೆಯಿಂದ. ಮೆಹರುನ್‌ಳ ಗಂಡ ಬೇರೆ ಹೆಣ್ಣಿನ ಹಿಂದೆ ಹೋಗಿದ್ದಾನೆ. ಕೂಸನ್ನು ಎತ್ತಿಕೊಂಡು ತವರಿಗೆ ಬಂದರೆ ಅಣ್ಣತಮ್ಮಂದಿರು ಅವತ್ತೇ ವಾಪಸು ಕರೆತಂದು ಬಿಡುತ್ತಾರೆ. ಮನೆತನದ ಮರ್ಯಾದೆ ಮುಖ್ಯ. ರಾತ್ರಿ, ಮಕ್ಕಳೆಲ್ಲ ಮಲಗಿದ ಮೇಲೆ, ಅವಳು ಸೀಮೆಎಣ್ಣೆ ಸುರಿದುಕೊಂಡು ಅಂಗಳಕ್ಕೆ ಬರುತ್ತಾಳೆ. ಹಿಂದಿನಿಂದ ದೊಡ್ಡ ಮಗಳು ಸಲ್ಮಾ ಕೂಸನ್ನು ಎತ್ತಿಕೊಂಡು ಓಡಿ ಬರುತ್ತಾಳೆ. ಕೂಸನ್ನು ನೆಲದ ಮೇಲೆ ಬಿಟ್ಟು ಅಮ್ಮನ ಕಾಲು ಹಿಡಿಯುತ್ತಾಳೆ.

ಇಬ್ಸನ್ ಬೈದುಕೊಂಡು ಬರೆದ ಆ ಜರ್ಮನ್ ಕೊನೆಯಲ್ಲೂ ಮಕ್ಕಳೇ ತಾಯಿಯನ್ನು ತಡೆದದ್ದು. ಆದರೆ ಅಲ್ಲಿ ಮಕ್ಕಳು ನಿದ್ದೆಯಲ್ಲಿದ್ದರು. ಗಂಡ ಅವರನ್ನು ಸರಪಳಿಯ ಹಾಗೆ ಬಳಸಿಕೊಂಡ. ಇಲ್ಲಿ ಮಗಳಿಗೆ ಎಚ್ಚರವಿದೆ, ಬಾಯಿಯೂ ಇದೆ. ಅಬ್ಬನಿಗೋಸ್ಕರ ಸಾಯಲು ತಯಾರಾಗಿದ್ದೀಯ, ನಮಗೋಸ್ಕರ ಬದುಕಲು ಆಗುವುದಿಲ್ಲವಾ ಎಂದು ಅವಳು ನೇರವಾಗಿ ಕೇಳುತ್ತಾಳೆ. ಆ ಕ್ಷಣ ಮೆಹರುನ್‌ಗೆ ಅವಳು ಮಗಳ ಹಾಗೆ ಕಾಣುವುದಿಲ್ಲ. ತನ್ನನ್ನು ಅರ್ಥ ಮಾಡಿಕೊಂಡ ಗೆಳತಿ ಬಂದು ಮುಟ್ಟಿದ ಹಾಗೆ ಅನ್ನಿಸುತ್ತದೆ. ಕಡ್ಡಿಪೆಟ್ಟಿಗೆ ಕೈಯಿಂದ ಜಾರುತ್ತದೆ.

ಇದು ತಾಯ್ತನ ಗೆದ್ದ ಕಥೆಯಾ, ತನ್ನತನ ಗೆದ್ದ ಕಥೆಯಾ ಅಂತ ಗೆಳತಿಯೊಬ್ಬಳ ಜೊತೆ ಒಂದು ಸಂಜೆಯೆಲ್ಲ ವಾದ ಮಾಡಿದ್ದೇನೆ. ಮತ್ತೆ ಅದೇ ಗೂಟಕ್ಕೆ ಕಟ್ಟಿದರು ಅನ್ನುವುದು ಅವಳ ವಾದ. ಬೆಳಗಾದ ಮೇಲೆ ಅದೇ ಮನೆ, ಅದೇ ಗಂಡ ಅಲ್ವಾ ಅಂತ ಅವಳು ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಆದರೆ ನನಗೆ ಆ ದೊಡ್ಡಿಯ ಕರು ನೆನಪಾಗುತ್ತಿತ್ತು. 'ಆರು ನನಗೆ ಹಿತವರು' ಎಂದು ಅದು ಕೇಳಿದ್ದು ಪೂರ್ತಿ ತನ್ನ ಬಗ್ಗೆ. ಸಲ್ಮಾ ಕೇಳಿದ್ದರಲ್ಲಿ ಅರ್ಧ ತನ್ನ ಬಗ್ಗೆ, ಇನ್ನರ್ಧ ಅಮ್ಮನ ಬಗ್ಗೆ.

ಮಾರನೇ ದಿನ ಬೆಳಿಗ್ಗೆ ಗೇಟಿನ ಹತ್ತಿರ ದಿಯಾ ಅಮ್ಮನ ಹೆಸರು ಕೇಳಿಯೇಬಿಟ್ಟೆ. ಅವರು ನಕ್ಕರು. 'ನಿಮ್ಮದೂ ಹೇಳಿ, ನನಗೂ ಗೊತ್ತಿಲ್ಲ' ಅಂದರು.